ನುಂಗುವಾಗಲಾ, ತಿರುಗಿಸುವಾಗಲಾ?

ಹನ್ನೆರಡು ಸ್ಟೀಲ್ ಚಮಚಗಳು. ಒಂದೊಂದರ ಹಿಡಿಯ ಮೇಲೂ ಯಂತ್ರದಲ್ಲಿ ಕೊರೆದ ಸಣ್ಣ ಅಕ್ಷರಗಳು: ‘ಗೃಹಪ್ರವೇಶದ ನೆನಪಿಗೆ’. ಅವುಗಳಲ್ಲಿ ಒಂದರಲ್ಲಿ ಒತ್ತಕ್ಷರ ಸವೆದುಹೋಗಿ ‘ಗೃಹಪವೇಶ’ ಎಂದಾಗಿತ್ತು. ಯಾರ ಮನೆಯ ಒಕ್ಕಲಿನಲ್ಲಿ ಕೊಟ್ಟದ್ದೆಂದು ಅವುಗಳ ಒಡತಿ ಸಿಸ್ಟರಿಗೂ ಮರೆತುಹೋಗಿತ್ತು. ಬೆಳಿಗ್ಗೆ ಡ್ಯೂಟಿಗೆ ಬಂದವರೇ ಅಷ್ಟನ್ನೂ ಕುದಿಯುವ ನೀರಿಗೆ ಹಾಕಿ, ಒರೆಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಇಡುತ್ತಿದ್ದರು. ಗಂಟಲು ನೋವೆಂದು ಬಂದವರ ನಾಲಿಗೆಯನ್ನು ಚಮಚದ ಹಿಡಿಯಿಂದ ಒತ್ತಿ, ಟಾರ್ಚು ಬಿಟ್ಟು ಒಳಗೆ ನೋಡುತ್ತಿದ್ದರು. ಒಬ್ಬರಿಗೆ ಒಂದೇ ಚಮಚ. ಹದಿಮೂರನೆಯವರಿಗೆ ಆಸ್ಪತ್ರೆ ಕೊಡುವ ಮರದ ಕಡ್ಡಿ. ಆ ಕಡ್ಡಿಗಳನ್ನು ಅವರು ‘ಐಸ್‌ಕ್ಯಾಂಡಿ ಕಡ್ಡಿ’ ಎನ್ನುತ್ತಿದ್ದರು. ಬಾಯಿ ತೆರೆಯಲು ಹೆದರುವವರಿಗೆ ಚಮಚದ ಬರಹ ತೋರಿಸಿ, “ಆ ಅನ್ನಿ, ಗೃಹಪ್ರವೇಶ ಮಾಡುವ” ಎನ್ನುತ್ತಿದ್ದರು. ನಕ್ಕರೆ ಬಾಯಿ ತಾನೇ ತೆರೆದುಕೊಳ್ಳುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಇಷ್ಟವಾಗದು. ಉಡುಪಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಎಲ್ಲರೂ ‘ದೊಡ್ಡ ಸಿಸ್ಟರ್’ ಎನ್ನುತ್ತಿದ್ದರು. ಎತ್ತರದಲ್ಲಿ ಎಲ್ಲರಿಗಿಂತ ಚಿಕ್ಕವರು. ಮೂವತ್ತು ವರ್ಷಗಳ ಕೆಲಸ ಮುಗಿಸಿ ಎರಡು ತಿಂಗಳ ಹಿಂದೆ ನಿವೃತ್ತರಾದರು. ಅವರಿಗೆ ಬೀಳ್ಕೊಡುಗೆ ನಡೆಯಲಿಲ್ಲ. ನಡೆದಿದ್ದರೂ ನಾನು ಮಾತಾಡುತ್ತಿರಲಿಲ್ಲ, ಸಭೆಯಲ್ಲಿ ಎದ್ದು ನಿಲ್ಲುವ ಜಾತಿ ನನ್ನದಲ್ಲ. ಬೇರೆ ಯಾರಾದರೂ ಎದ್ದು ‘ಶಾಂತಸ್ವಭಾವದವರು, ತಾಳ್ಮೆಯ ಮೂರ್ತಿ’ ಎಂದು ಹೇಳುತ್ತಿದ್ದರು. ದಾದಿಯರ ಬಗ್ಗೆ ಹಾಗೆ ಹೇಳುವುದು ವಾಡಿಕೆ. ಅವರು ಶಾಂತಸ್ವಭಾವದವರಲ್ಲ. ತಾಳ್ಮೆ ಅವರಿಗೆ ಇರಲಿಲ್ಲ. ಅವರು ಜಗಳಗಂಟಿ, ಮತ್ತು ಆ ಜಗಳಗಳಲ್ಲಿ ಹೆಚ್ಚಿನವುಗಳಲ್ಲಿ ಸರಿ ಇದ್ದವರು ಅವರೇ. ಇಷ್ಟನ್ನು ದಾಖಲಿಸುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಕಾರ್ಕಳದವಳು. ಮಣಿಪಾಲದಲ್ಲಿ ಆಸ್ಪತ್ರೆ ಆಡಳಿತ ಓದಿ, ಅದೇ ವರ್ಷ ಈ ಆಸ್ಪತ್ರೆಯ ದಾಖಲಾತಿ ವಿಭಾಗಕ್ಕೆ ಸೇರಿದೆ. ಸೇರಿದಾಗ ದೊಡ್ಡ ಸಿಸ್ಟರ್ ಇದ್ದದ್ದು ಬಾಗಿಲ ಎದುರಿನ ಮೊದಲ ಮೇಜಿನಲ್ಲಿ. ಒಳಗೆ ಬಂದವರನ್ನು ಯಾವ ಡಾಕ್ಟರ ಬಳಿ ಕಳುಹಿಸಬೇಕೆಂದು ತೀರ್ಮಾನಿಸುವುದು ಅವರ ಕೆಲಸ. ರೋಗಕ್ಕೆ ಹೆಸರಿಡುತ್ತಿರಲಿಲ್ಲ. “ಹೆಸರು ಡಾಕ್ಟರು ಇಡಲಿ. ಬಾಗಿಲು ನಾನು ತೋರಿಸ್ತೇನೆ” ಎನ್ನುತ್ತಿದ್ದರು.

ಮಳೆ ಶುರುವಾಗುವ ವಾರ ಮತ್ತು ಚಳಿ ಶುರುವಾಗುವ ವಾರ ಅರ್ಧ ಊರಿಗೆ ಗಂಟಲು ನೋವು. ಬೆಳಿಗ್ಗೆ ಎದ್ದಾಗ ಉಗುಳು ನುಂಗಿದರೆ ನೋವು, ಹತ್ತು ಗಂಟೆಗೆ ಎಲ್ಲರೂ ಮೇಜಿನ ಮುಂದೆ. ಪ್ರತಿಯೊಬ್ಬರ ಬಳಿಯೂ ಕಾರಣ ತಯಾರಿರುತ್ತಿತ್ತು. ಒಬ್ಬರು ಐಸ್‌ಕ್ರೀಮ್ ಎನ್ನುವರು, ಒಬ್ಬರು ಮದುವೆ ಮನೆಯ ಎಣ್ಣೆ ಎನ್ನುವರು, ಹಿರಿಯರು ‘ಉಷ್ಣ ಆದದ್ದು’ ಎನ್ನುವರು. ಸಿಸ್ಟರ್ ಯಾವ ಕಾರಣವನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮೂಗು ಸುರೀತದಾ? ಕೆಮ್ಮು ಉಂಟಾ? ಸ್ವರ ಒಡೆದಿದೆಯಾ? ಮನೆಯಲ್ಲಿ ಇನ್ಯಾರಿಗಾದರೂ ಉಂಟಾ? ಇವಕ್ಕೆ ಹೌದು ಎಂದರೆ ಅವರ ಮುಖ ಸಡಿಲವಾಗುತ್ತಿತ್ತು. “ಇದು ಶೀತದ ವೈರಸ್. ಬಂದ ದಾರಿಯಲ್ಲೇ ಹೋಗ್ತದೆ. ಡಾಕ್ಟರೂ ಇದನ್ನೇ ಹೇಳುವುದು, ಬೇಕಾದರೆ ಕೂತುಕೊಳ್ಳಿ.” ಕೆಮ್ಮಿಲ್ಲ, ಮೂಗು ಒಣಗಿದೆ, ಜ್ವರ ಏರಿದೆ, ದವಡೆಯ ಕೆಳಗೆ ಗಂಟು ಮುಟ್ಟಿದರೆ ನೋವು, ಗಂಟಲ ಒಳಗೆ ಬಿಳಿ ಚುಕ್ಕೆ ಎಂದಾದರೆ ಮುಖ ಬಿಗಿಯಾಗುತ್ತಿತ್ತು. ಅಂಥವರ ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ. ‘ಇವರ ಗಂಟಲಿನಿಂದ ಪರೀಕ್ಷೆಗೆ ತೆಗೆಯಿರಿ’ ಎಂಬುದು ಅದರ ಅರ್ಥವೆಂದು ಒಳಗಿನ ಡಾಕ್ಟರಿಗೆ ಗೊತ್ತಿತ್ತು.

ಒಮ್ಮೆ ಅಂಬಲಪಾಡಿಯ ಒಬ್ಬರು, ಗಲ್ಫಿನಿಂದ ರಜೆಗೆ ಬಂದವರು, ಮೇಜಿಗೆ ಎರಡೂ ಕೈ ಊರಿ ನಿಂತರು.

“ಸಿಸ್ಟರ್, ನಾಡಿದ್ದು ಫ್ಲೈಟ್ ಉಂಟು. ಸ್ಟ್ರಾಂಗ್ ಆಂಟಿಬಯಾಟಿಕ್ ಒಂದು ಬರೆಸಿ ಕೊಡಿ. ಅಲ್ಲಿ ಇದೆಲ್ಲ ಸಿಗುವುದಿಲ್ಲ.”

“ಅಲ್ಲಿ ಯಾಕೆ ಸಿಗುವುದಿಲ್ಲ ಅಂತ ಯೋಚನೆ ಮಾಡಿದ್ದೀರಾ?”

“ಅಲ್ಲಿ ಭಾರೀ ರೂಲ್ಸ್ ಮಾರಾಯ್ರೆ.”

“ಇಲ್ಲಿ ರೂಲ್ಸ್ ಇಲ್ಲ, ನಾನು ಇದ್ದೇನೆ. ಮೂಗು ಒರೆಸಿಕೊಳ್ಳಿ ಮೊದಲು. ಸೊಳ್ಳೆ ಹಿಡೀಲಿಕ್ಕೆ ಮೀನಿನ ಬಲೆ ಬೀಸ್ತೀರಾ ನೀವು? ಬಲೆ ಹರೀತದೆ, ಸೊಳ್ಳೆ ಇರ್ತದೆ. ನಾಳೆ ನಿಜವಾದ ಮೀನು ಬಂದಾಗ ಎಂತ ಮಾಡ್ತೀರಿ?”

ಅವರಿಗೆ ಸಿಕ್ಕಿದ್ದು ಉಪ್ಪುನೀರಿನ ಪಾಠ. ಒಂದು ಲೋಟ ಬಿಸಿ ನೀರು, ಬೆರಳು ಅದ್ದಿದರೆ ಹಿತವಾಗುವಷ್ಟೇ ಬಿಸಿ, ಅರ್ಧ ಚಮಚ ಉಪ್ಪು. ತಲೆ ಹಿಂದಕ್ಕೆ ಎತ್ತಿ ಗಳಗಳ ಎನಿಸಬೇಕು, ನುಂಗಬಾರದು. ದಿನಕ್ಕೆ ನಾಲ್ಕೈದು ಸಲ. ಜ್ವರವೋ ತಡೆಯಲಾಗದ ನೋವೋ ಇದ್ದರೆ ಪ್ಯಾರಾಸಿಟಮಾಲ್. ನೀರು, ಗಂಜಿ, ನಿದ್ದೆ. ಕಷಾಯ ಕುಡಿಯಬಹುದಾ ಎಂದರೆ, “ಕುಡೀರಿ, ಚಂದ ಇರ್ತದೆ. ಕಷಾಯ ಕುಡಿದದ್ದಕ್ಕೆ ಗುಣ ಆಯಿತು ಅಂತ ಮಾತ್ರ ನನ್ನತ್ರ ಹೇಳಬೇಡಿ.” ಮೂರನೆಯ ದಿನವೂ ಜ್ವರ ಬಿಡದಿದ್ದರೆ ಮತ್ತೆ ಬರಬೇಕು. ಉಸಿರಾಡಲು ಕಷ್ಟವಾದರೆ, ಉಗುಳು ಕೂಡ ನುಂಗಲಾಗದಿದ್ದರೆ, ಬಾಯಿ ತೆರೆಯಲಾಗದಿದ್ದರೆ ಮೂರನೆಯ ದಿನಕ್ಕೆ ಕಾಯಬಾರದು, ಮೂರನೆಯ ಗಂಟೆಗೂ ಕಾಯಬಾರದು. ಇದನ್ನು ಹೇಳುವಾಗ ಮಾತ್ರ ನಗುತ್ತಿರಲಿಲ್ಲ.

ಇನ್ನೊಂದು ಬಗೆಯ ಜನರ ಮೇಲೆ ಇದಕ್ಕಿಂತ ಹೆಚ್ಚು ಸಿಟ್ಟು. ಡಾಕ್ಟರು ನಿಜವಾಗಿ ಬೇಕೆಂದೇ ಬರೆದ ಆಂಟಿಬಯಾಟಿಕನ್ನು ಎರಡು ದಿನ ನುಂಗಿ, ನೋವು ಇಳಿದ ಕೂಡಲೇ ನಿಲ್ಲಿಸಿ, ಉಳಿದ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಡುವವರು. “ಪಂಚಕಜ್ಜಾಯವಾ ಅದು, ಹಂಚಲಿಕ್ಕೆ?” ಎಂದು ಒಬ್ಬ ನಿವೃತ್ತ ಮೇಷ್ಟ್ರನ್ನು ಎಲ್ಲರೆದುರು ಕೇಳಿದ್ದರು. ಅವರು ಎದ್ದು ಹೋದರು. ಮರುವಾರ ಹೆಂಡತಿಯನ್ನು ಕರೆದುಕೊಂಡು ಬಂದು, ಅದೇ ಮೇಜಿನ ಮುಂದೆ ಸಾಲಿನಲ್ಲಿ ನಿಂತರು.

ನನಗೂ ಒಮ್ಮೆ ಗಂಟಲು ನೋವು ಆಯಿತು. ಸ್ವರ ಹೊರಡುತ್ತಿರಲಿಲ್ಲ. ಅವರ ಮೇಜಿನ ಬಳಿ ಬಗ್ಗಿ ಪಿಸುಮಾತಿನಲ್ಲಿ ಹೇಳಿದೆ. ಅವರು ಕಿವಿ ಹತ್ತಿರ ತರಲಿಲ್ಲ.

“ಪಿಸುಪಿಸು ಮಾಡಬೇಡ ಬಾಲೆ. ಮಾತಾಡು, ಇಲ್ಲದಿದ್ದರೆ ಸುಮ್ಮನಿರು. ಪಿಸುಮಾತಿಗೆ ಗಂಟಲು ಇನ್ನೂ ಹಾಳಾಗ್ತದೆ.”

ಬಾಲೆ ಎಂದರೆ ತುಳುವಿನಲ್ಲಿ ಮಗು. ಅವರಿಗೆ ನಲವತ್ತರ ಕೆಳಗಿನವರೆಲ್ಲ ಬಾಲೆಗಳು. ಎರಡು ದಿನ ಸುಮ್ಮನಿದ್ದೆ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಇಷ್ಟೆಲ್ಲ ಪ್ರಶ್ನೆಗಳಿಗೆ ಮೊದಲು ಅವರು ಕೇಳುತ್ತಿದ್ದ ಒಂದು ಪ್ರಶ್ನೆ ಇತ್ತು. ಅದು ನನಗೆ ಆಗ ತಮಾಷೆಯಾಗಿ ಕಾಣುತ್ತಿತ್ತು. ಯಾರಾದರೂ ‘ಕುತ್ತಿಗೆ ನೋವು’ ಎಂದರೆ ಅವರು ತಲೆ ಎತ್ತಿ, “ನುಂಗುವಾಗಲಾ, ತಿರುಗಿಸುವಾಗಲಾ?” ಎನ್ನುತ್ತಿದ್ದರು.

ತುಳುವಿನಲ್ಲಿ ಕೆಕ್ಕಿಲ್ ಎಂದರೆ ಕುತ್ತಿಗೆಯೂ ಹೌದು, ಗಂಟಲೂ ಹೌದು. ಮನೆಯಲ್ಲಿ ಉಗುಳು ನುಂಗಲಾಗದವರೂ ‘ಕೆಕ್ಕಿಲ್ ಬೇನೆ’ ಎನ್ನುತ್ತಾರೆ, ತಲೆ ಹೊರಳಿಸಲಾಗದವರೂ ‘ಕೆಕ್ಕಿಲ್ ಬೇನೆ’ ಎನ್ನುತ್ತಾರೆ. ಆಸ್ಪತ್ರೆ, ಬ್ಯಾಂಕು, ಕಚೇರಿ ಎಂದರೆ ನಮ್ಮವರು ಕನ್ನಡಕ್ಕೆ ತಿರುಗುತ್ತಾರೆ. ಮರ್ಯಾದೆಯ ಜಾಗದಲ್ಲಿ ಮರ್ಯಾದೆಯ ಭಾಷೆ. ಹೀಗೆ ತಿರುಗುವಾಗ ಕೆಕ್ಕಿಲ್ ‘ಕುತ್ತಿಗೆ’ ಆಗುತ್ತದೆ. ಗಂಟಲು ನೋವಿನವರು ಬಂದು, ಸ್ಪಷ್ಟವಾದ ಉಚ್ಚಾರದಲ್ಲಿ, ‘ಕುತ್ತಿಗೆ ನೋವು ಉಂಟು’ ಎನ್ನುತ್ತಾರೆ. ಕೇಳುವವರಿಗೆ ತುಳು ಗೊತ್ತಿಲ್ಲದಿದ್ದರೆ ಬಂದವರು ಎಲುಬಿನ ಡಾಕ್ಟರ ಬಾಗಿಲಲ್ಲಿ ಕೂರುತ್ತಾರೆ. ಗೊತ್ತಿದ್ದೂ ಕೇಳದಿದ್ದರೂ ಅಷ್ಟೇ.

ನೋಂದಣಿಯನ್ನು ಕಂಪ್ಯೂಟರಿಗೆ ಹಾಕುವ ತೀರ್ಮಾನವಾದಾಗ ತೊಂದರೆಗಳ ಪಟ್ಟಿ ತಯಾರಿಸುವ ಕೆಲಸ ನನಗೆ ಬಂತು. ರೋಗಿ ಹೇಳಿದ ಪದವನ್ನು ಆರಿಸಿದರೆ ವಿಭಾಗ ತಾನೇ ಬರಬೇಕು. ಮೂರು ವಾರ ಕುಳಿತು ಮಾಡಿದೆ. ಕಾಗುಣಿತ ತಪ್ಪಿಲ್ಲ, ಒಂದೇ ತೊಂದರೆಗೆ ಎರಡು ಪದ ಇಲ್ಲ. ಗಂಟಲು ನೋವು: ಕಿವಿ, ಮೂಗು, ಗಂಟಲು ವಿಭಾಗ. ಕುತ್ತಿಗೆ ನೋವು: ಎಲುಬು ಮತ್ತು ಕೀಲು ವಿಭಾಗ. ನನಗೆ ಆ ಪಟ್ಟಿಯ ಬಗ್ಗೆ ಹೆಮ್ಮೆ ಇತ್ತು.

ಸಿಸ್ಟರ್ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು.

“ಇದು ಯಾರು ಮಾಡಿದ್ದು?”

“ನಾನು.”

“ನಿನ್ನ ಮನೆಯಲ್ಲಿ ಎಂತ ಮಾತಾಡುವುದು?”

“ತುಳು.”

“ನಂಬಲಿಕ್ಕೆ ಆಗುವುದಿಲ್ಲ” ಎಂದರು. “ಕುತ್ತಿಗೆ ಅಂತ ಒತ್ತಿದರೆ ಅದು ಒಂದು ಪ್ರಶ್ನೆ ಕೇಳಬೇಕು. ನಿನ್ನ ಮಿಷನಿಗೆ ಪ್ರಶ್ನೆ ಕೇಳಲಿಕ್ಕೆ ಬರ್ತದಾ, ಬರೀ ಉತ್ತರ ಕೊಡ್ಲಿಕ್ಕೆ ಮಾತ್ರವಾ?”

ಮುಂದಿನ ಸಲ ಪಟ್ಟಿ ಬದಲಿಸುವಾಗ ಸೇರಿಸುತ್ತೇನೆ ಎಂದೆ. ಒಂದು ಕಾಗದದಲ್ಲಿ ಬರೆದೂ ಇಟ್ಟೆ. ಸೇರಿಸಲಿಲ್ಲ. ಮರೆತದ್ದಲ್ಲ. ಕುತ್ತಿಗೆಯನ್ನು ಗಂಟಲು ಎಂಬ ಅರ್ಥದಲ್ಲಿ ಬಳಸುವುದು ತಪ್ಪು ಕನ್ನಡ, ತಪ್ಪು ಕನ್ನಡಕ್ಕೆ ನನ್ನ ಪಟ್ಟಿಯಲ್ಲಿ ಜಾಗ ಯಾಕೆ ಎಂದು ನನಗೆ ಅನ್ನಿಸಿತ್ತು.

ತಿಂಗಳೊಳಗೆ ನೋಟೀಸು ಬಂತು. ನೋಂದಣಿ ಸಿಬ್ಬಂದಿ ಹೆಸರು, ವಯಸ್ಸು, ಫೋನ್ ನಂಬರು, ತೊಂದರೆ ಇವಿಷ್ಟನ್ನು ಬಿಟ್ಟು ಬೇರೇನನ್ನೂ ಕೇಳಬಾರದು. ಸಿಸ್ಟರನ್ನು ಗಾಯಕ್ಕೆ ಬ್ಯಾಂಡೇಜು ಕಟ್ಟುವ ಕೋಣೆಗೆ ಹಾಕಿದರು. ಅವರು ಚಮಚದ ಡಬ್ಬಿ ಎತ್ತಿಕೊಂಡು ಹೋದರು. ಆದರೆ ದಿನಕ್ಕೆ ಹತ್ತು ಸಲ ಏನಾದರೊಂದು ನೆಪದಲ್ಲಿ ಹೊರಗೆ ಬಂದು, ಬೆಂಚುಗಳ ಮೇಲೆ ಕುಳಿತವರನ್ನು ನೋಡುತ್ತ ನಡೆಯುತ್ತಿದ್ದರು. ಎಲುಬಿನ ಸಾಲಿನಲ್ಲಿ ನಿಂತು, “ನಿಮಗೆ ನುಂಗುವಾಗಲಾ?” ಎಂದು ಕೇಳಿ, ವಾರಕ್ಕೆ ಒಬ್ಬಿಬ್ಬರನ್ನು ಎಬ್ಬಿಸಿ ಬೇರೆ ಸಾಲಿಗೆ ಕೂರಿಸುತ್ತಿದ್ದರು. ಆಡಳಿತಾಧಿಕಾರಿ ಎರಡು ಸಲ ಕರೆದು ಹೇಳಿದರು. ಎರಡು ಸಲವೂ ಸಿಸ್ಟರ್ “ಆಯಿತು” ಎಂದು ಬಂದು, ಅದನ್ನೇ ಮಾಡಿದರು.

ಆ ದಿನ ಕೌಂಟರಿನ ಹುಡುಗಿ ರಜೆ. ನಾನೇ ಕುಳಿತಿದ್ದೆ. ಹನ್ನೊಂದರ ಸುಮಾರಿಗೆ ಇಬ್ಬರು ಹೆಂಗಸರು ಬಂದರು. ಕಾಪುವಿನಲ್ಲಿ ಮೀನು ಮಾರುವವರು, ಅತ್ತಿಗೆ ನಾದಿನಿ. ಅತ್ತಿಗೆಗೆ ಐವತ್ತರ ಹತ್ತಿರ. ಬಾಯಿಗೆ ಬೈರಾಸು, ಎಂದರೆ ಹೆಗಲ ಟವೆಲು, ಒತ್ತಿ ಹಿಡಿದಿದ್ದರು, ಒಂದು ಮಾತೂ ಆಡಲಿಲ್ಲ. ನಾದಿನಿಯೇ ಹೇಳಿದಳು:

“ಕುತ್ತಿಗೆ ನೋವು ಮೇಡಂ. ನಿನ್ನೆ ಸಂಜೆಯಿಂದ. ಭಾರೀ ನೋವು.”

ಮಾತಾಡದವರ ಬಗ್ಗೆ ನನಗೆ ಅನುಮಾನ ಬರುವುದಿಲ್ಲ, ನಾನೂ ಅಂಥವಳೇ. ನಾಚಿಕೆ ಇರಬೇಕು ಎಂದುಕೊಂಡೆ. ಕುತ್ತಿಗೆ ನೋವು ಆರಿಸಿದೆ. ಎಲುಬು ಮತ್ತು ಕೀಲು ಎಂದು ಚೀಟಿ ಬಂತು. ಎಡಕ್ಕೆ ಹೋಗಿ, ಮೂರನೆಯ ಬಾಗಿಲು ಎಂದೆ. ಬೈರಾಸು ಯಾಕೆ ಎಂದು ಕೇಳಲಿಲ್ಲ. ಕೇಳಬಾರದೆಂದು ನೋಟೀಸು ಇತ್ತು, ಅದು ನಿಜ. ನೋಟೀಸು ಇಲ್ಲದಿದ್ದರೂ ನಾನು ಕೇಳುತ್ತಿರಲಿಲ್ಲ, ಇದೂ ನಿಜ.

ಇಪ್ಪತ್ತೈದು ನಿಮಿಷ ಅವರು ಆ ಬೆಂಚಿನಲ್ಲಿ ಇದ್ದರು. ಸಿಸ್ಟರ್ ನೀರಿನ ಬಾಟಲಿ ಹಿಡಿದು ಹೊರಗೆ ಬಂದದ್ದು ನಾನಿದ್ದಲ್ಲಿಗೆ ಕಾಣುತ್ತಿತ್ತು. ಬೆಂಚಿನ ಎದುರು ನಿಂತರು. ಆ ಹೆಂಗಸು ಮೊಣಕಾಲ ಮೇಲೆ ಕೈ ಊರಿ, ಗದ್ದ ಮುಂದಕ್ಕೆ ಚಾಚಿ ಕುಳಿತಿದ್ದರು. ಉಗುಳನ್ನು ಬೈರಾಸಿಗೆ ಬಿಡುತ್ತಿದ್ದರು.

“ಎಂತ ಮಾರಾಯ್ತಿ, ನುಂಗುವಾಗಲಾ?”

ಅವರು ಏನೋ ಹೇಳಲು ಹೋದರು. ಬಾಯಲ್ಲಿ ಬಿಸಿ ಹಲಸಿನ ಬೀಜ ಇಟ್ಟುಕೊಂಡವರ ಹಾಗೆ ಸ್ವರ ಒಳಗೇ ಉರುಳಿತು. ಉಸಿರು ಎಳೆಯುವಾಗ ಸಣ್ಣಗೆ ಶಬ್ದ.

ಎಲ್ಲರ ಬಾಯಿಗೂ ಚಮಚ ಹಾಕುತ್ತಿದ್ದ ಸಿಸ್ಟರ್ ಆ ದಿನ ಚಮಚ ಕೇಳಲಿಲ್ಲ. ಅವರ ಜೊತೆಯಿದ್ದ ಟ್ರೈನಿ ಟಾರ್ಚು ತೆಗೆದಳು. “ಇಡು ಒಳಗೆ! ಇವರ ಬಾಯಿ ಯಾರೂ ತೆರೆಸಬೇಡಿ. ಮಲಗಿಸಲೂಬೇಡಿ, ಕೂತೇ ಇರಲಿ.” ಗಾಲಿಕುರ್ಚಿಯನ್ನು ತಾವೇ ಎಳೆದು ತಂದರು. ಎಲುಬಿನ ಡಾಕ್ಟರ ಸಹಾಯಕ ಬಾಗಿಲಿಗೆ ಬಂದು, “ಸಿಸ್ಟರ್, ಟೋಕನ್ ನಮ್ಮದು, ಮುಂದಿನ ನಂಬರ್ ಇವರದ್ದೇ, ಹೀಗೆ ಕರೆದುಕೊಂಡು ಹೋದರೆ ಹೇಗೆ?” ಎಂದ.

“ಎಲುಬು ನಾಳೆಯೂ ಇರ್ತದೆ ಮಾರಾಯ, ಉಸಿರು ಇರುವುದಿಲ್ಲ! ದಾರಿ ಬಿಡು!”

ಆ ಕೂಗು ಮೊದಲ ಮಹಡಿಗೆ ಕೇಳಿಸಿತಂತೆ. ತುರ್ತು ವಿಭಾಗದ ಡಾಕ್ಟರು ನೋಡಿದ ಕೂಡಲೇ ಆಕ್ಸಿಜನ್ ಹಿಡಿದು, ತಾವೇ ಆಂಬುಲೆನ್ಸ್ ಹತ್ತಿ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೊರಟರು. ನುಂಗುವಾಗ ಶ್ವಾಸನಾಳವನ್ನು ಮುಚ್ಚುವ ಸಣ್ಣ ಮುಚ್ಚಳ ಒಂದು ಉಂಟು. ಸೋಂಕಿನಿಂದ ಅದು ಊದಿ ಉಸಿರಿನ ದಾರಿಯನ್ನೇ ಮುಚ್ಚುತ್ತಾ ಇತ್ತು. ಅಂಥ ಗಂಟಲನ್ನು ಚಮಚದಿಂದ ಕೆದಕಿದರೆ ದಾರಿ ಪೂರ್ತಿ ಮುಚ್ಚಿಹೋಗಬಹುದು. ಮಣಿಪಾಲದಲ್ಲಿ ಆಪರೇಷನ್ ಕೋಣೆಯಲ್ಲೇ ಉಸಿರಿಗೆ ನಳಿಕೆ ಹಾಕಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಎಂದು ಡಾಕ್ಟರು ಹಿಂದೆ ಬಂದು ಹೇಳಿ, ವಾಕ್ಯ ಮುಗಿಸಲಿಲ್ಲ.

ಆ ಸಂಜೆ ಎಲ್ಲರೂ ಹೋದ ಮೇಲೆ ನಾನು ಪಟ್ಟಿ ತೆರೆದು, ‘ಕುತ್ತಿಗೆ ನೋವು’ ಎಂಬುದರ ಕೆಳಗೆ ಎರಡು ಸಾಲು ಸೇರಿಸಿದೆ. ನುಂಗುವಾಗ. ತಿರುಗಿಸುವಾಗ. ನಾಲ್ಕು ನಿಮಿಷದ ಕೆಲಸ. ಯಾರಿಗೂ ಹೇಳಲಿಲ್ಲ.

ಮೂರು ವಾರದ ಮೇಲೆ ಆ ಮೀನಿನವರು ಬಂದರು. ಈಗ ಸ್ವರ ಪೂರ್ತಿ ಇತ್ತು. ಬಂಗುಡೆ ಮಾರುವ ಸ್ವರದಲ್ಲೇ, ಇಡೀ ಹಾಲಿಗೆ ಕೇಳುವ ಹಾಗೆ, “ನನ್ನನ್ನು ಎಲುಬಿನ ಡಾಕ್ಟರ ಹತ್ತಿರ ಕೂರಿಸಿದ್ದು ಯಾರು? ಒಮ್ಮೆ ಮುಖ ನೋಡಬೇಕಿತ್ತು!” ಎಂದರು. ನಾನು ಕೌಂಟರಿನ ಹಿಂದೆ, ಎರಡು ಹೆಜ್ಜೆ ದೂರದಲ್ಲಿದ್ದೆ. ಸಿಸ್ಟರ್ ನನ್ನ ಕಡೆ ನೋಡಲಿಲ್ಲ.

“ಮಿಷನ್ ಮಾರಾಯ್ತಿ. ಅದಕ್ಕೆ ತುಳು ಬರುವುದಿಲ್ಲ.”

“ಅಲ್ಲ, ಮಿಷನ್ ಒತ್ತಿದ ಕೈಗೆ?”

ಸಿಸ್ಟರ್ ಬ್ಯಾಂಡೇಜಿನ ಕೋಣೆಯ ಕಡೆ ತಿರುಗಿದರು. ನಾನು ಪರದೆಯ ಮೇಲೆ ಕಣ್ಣಿಟ್ಟೆ.

ಮೀನಿನವರ ಕುಟುಂಬದಿಂದ ದೂರು ಏನೂ ಬರಲಿಲ್ಲ. ಆದರೂ ಆಡಳಿತಾಧಿಕಾರಿಗೆ ಕಡತದಲ್ಲಿ ಒಂದು ವರದಿ ಬೇಕಿತ್ತು. ನನ್ನನ್ನು ಕರೆದು ಓದಲು ಕೊಟ್ಟರು. ‘ಹಿರಿಯ ಶುಶ್ರೂಷಕಿಯು ನೋಂದಣಿ ವಿಧಾನದಲ್ಲಿ ಪದೇ ಪದೇ ಹಸ್ತಕ್ಷೇಪ ಮಾಡಿದ್ದರಿಂದ ಉಂಟಾದ ಗೊಂದಲದಲ್ಲಿ ರೋಗಿಯು ತಪ್ಪು ವಿಭಾಗಕ್ಕೆ ಹೋಗುವಂತಾಯಿತು. ಸಹೋದ್ಯೋಗಿಯೊಡನೆ ಏರುಧ್ವನಿಯಲ್ಲಿ ವರ್ತಿಸಿದ್ದೂ ಕಂಡುಬಂದಿದೆ.’ ಕೊನೆಯಲ್ಲಿ ಎಚ್ಚರಿಕೆ.

“ಸಾಫ್ಟ್‌ವೇರಿನ ಹೆಸರು ಬರಬಾರದು ನೋಡಿ. ಈಗಷ್ಟೇ ಹಾಕಿದ್ದು” ಎಂದರು. “ಅವರು ಹೇಗೂ ಎರಡು ತಿಂಗಳಲ್ಲಿ ರಿಟೈರ್ ಆಗ್ತಾರೆ. ನಿಮಗೆ ಇನ್ನೂ ಮುಂದೆ ಉಂಟು.”

ವಾಕ್ಯರಚನೆ ಸರಿಯಾಗಿತ್ತು. ಹೇಳಿದ್ದು ಸುಳ್ಳು. ನಾನು “ಸರಿ ಸರ್” ಎಂದೆ.

ಸಿಸ್ಟರಿಗೆ ಆ ಎಚ್ಚರಿಕೆ ಪತ್ರ ಕೊಟ್ಟಾಗ ಅವರು ನಿಂತಲ್ಲೇ ಓದಿ, ಎರಡನೆಯ ವಾಕ್ಯದ ಮೇಲೆ ಬೆರಳಿಟ್ಟು, “ಇದು ನಿಜ. ಜೋರು ಮಾಡಿದ್ದೇನೆ, ಇನ್ನೊಮ್ಮೆ ಬೇಕಾದರೂ ಮಾಡ್ತೇನೆ. ಇದಕ್ಕೆ ಸೈನ್ ಹಾಕ್ತೇನೆ” ಎಂದರು. ಬೆರಳನ್ನು ಮೇಲಕ್ಕೆ ಸರಿಸಿ, “ಇದು ಸುಳ್ಳು. ಇದನ್ನು ಹೊಡೆದು ಹಾಕಿ.” ಆಡಳಿತಾಧಿಕಾರಿ ಹೊಡೆದು ಹಾಕಲಿಲ್ಲ. ಸಿಸ್ಟರ್ ಸಹಿ ಹಾಕಲಿಲ್ಲ. ಸಹಿಯಿಲ್ಲದ ಪತ್ರ ಅವರ ಸೇವಾ ಕಡತ ಸೇರಿತು. ಮೂವತ್ತು ವರ್ಷಗಳ ಕಡತದಲ್ಲಿ ಅದೇ ಮೊದಲನೆಯದು, ಅದೇ ಕೊನೆಯದು. ಕಡತಗಳು ನನ್ನ ವಿಭಾಗದಲ್ಲೇ ಇರುವುದರಿಂದ ಅದನ್ನು ಒಳಗೆ ಇಟ್ಟವಳೂ ನಾನೇ.

ನಿವೃತ್ತಿಯ ದಿನ ಮಧ್ಯಾಹ್ನ ಮೂರು ಗಂಟೆಗೆ ಸಭೆ ಎಂದಾಗಿತ್ತು. ಹಾಲಿನಲ್ಲಿ ಕುರ್ಚಿ ಹಾಕಿ, ಹಣ್ಣಿನ ಬುಟ್ಟಿ, ಶಾಲು, ಫಲಕ ತಂದಿಟ್ಟಿದ್ದರು. ಸಿಸ್ಟರ್ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಬಾಗಿಲಲ್ಲಿ ನಿಂತರು.

“ಬನ್ನಿ ಸಿಸ್ಟರ್, ಕುಳಿತುಕೊಳ್ಳಿ. ಶಾಲು ಹೊದೆಸುವ” ಎಂದರು ಆಡಳಿತಾಧಿಕಾರಿ.

“ಶಾಲು ಬೇಡ. ನನಗೆ ಸೆಕೆ.”

ಕೆಲವರು ನಕ್ಕರು. ಅವರು ನಗಲಿಲ್ಲ. “ನನ್ನ ಫೈಲಿನಲ್ಲಿ ಒಂದು ಸುಳ್ಳು ಉಂಟು. ಅದನ್ನು ಹೊರಗೆ ತೆಗೆದ ದಿನ ಫೋನ್ ಮಾಡಿ, ಬಂದು ಹೊದ್ದುಕೊಳ್ತೇನೆ. ಹಣ್ಣು ವಾರ್ಡಿಗೆ ಕೊಡಿ, ಹಾಳು ಮಾಡಬೇಡಿ.” ಎಲ್ಲರಿಗೂ ಒಮ್ಮೆ ಕೈ ಮುಗಿದು, ಬಾಗಿಲಲ್ಲೇ ನಿಂತು ಕುರ್ಚಿಗಳ ಸಾಲನ್ನು ಕೊನೆಯ ತನಕ ನೋಡಿ, ಮೆಟ್ಟಿಲಿಳಿದು ಹೋದರು. ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಕುಳಿತೇ ಇದ್ದೆ.

ಐದು ಗಂಟೆಗೆ ಕಾರ್ಕಳದ ಬಸ್ಸು ಹತ್ತುವ ಬದಲು ಕಟಪಾಡಿಯ ಬಸ್ಸು ಹತ್ತಿದೆ. ಅಲ್ಲಿಂದ ಶಂಕರಪುರ. ಮನೆ ಕೇಳಿಕೊಂಡು ಹೋದೆ. ಅಂಗಳದ ಪಕ್ಕದಲ್ಲಿ ಮಲ್ಲಿಗೆ ಗಿಡಗಳ ಸಾಲು. ಹೂವಿನ ಕೆಲಸವೆಲ್ಲ ಬೆಳಿಗ್ಗೆಯೇ ಮುಗಿದಿರುತ್ತದೆ. ಅವರು ನೈಟಿಯ ಮೇಲೆ ಹೆಗಲಿಗೆ ಬೈರಾಸು ಹಾಕಿಕೊಂಡು ಗಿಡದ ಬುಡಕ್ಕೆ ನೀರು ಬಿಡುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ.

“ಚಪ್ಪಲಿ ಅಲ್ಲೇ ಬಿಡು, ಕೆಸರುಂಟು. ಚಾ ಕುಡೀತೀಯಾ?”

“ಬೇಡ ಸಿಸ್ಟರ್. ಒಂದು ಮಾತು ಹೇಳಬೇಕಿತ್ತು.”

“ಹೇಳು.”

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳಿದ್ದವು. “ಪಟ್ಟಿ ಸರಿ ಮಾಡಿದ್ದೇನೆ” ಎಂದಷ್ಟೇ ಹೇಳಿದೆ.

“ಗೊತ್ತುಂಟು. ಮರುದಿನವೇ ನೋಡಿದೆ. ಚಂದ ಮಾಡಿದ್ದೀ.” ಪೈಪನ್ನು ಮುಂದಿನ ಗಿಡಕ್ಕೆ ಸರಿಸಿದರು. “ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದೀ.”

“ಆ ದಿನ ಆ ಮೀನಿನವರು ಕೇಳಿದಾಗ ನೀವು ನನ್ನ ಹೆಸರು ಹೇಳಲಿಲ್ಲ.”

“ಅದು ನಿನಗೆ ಉಪಕಾರ ಮಾಡಲಿಕ್ಕೆ ಅಂತ ತಿಳ್ಕೊಂಡಿದ್ದೀಯಾ?” ಈಗ ನನ್ನ ಕಡೆ ತಿರುಗಿದರು. “ನಿನ್ನ ತಪ್ಪನ್ನು ನಾನು ಯಾಕೆ ಹೇಳಬೇಕು ಬಾಲೆ? ನನ್ನದ್ದು ಬೇಕಾದಷ್ಟುಂಟು ಹೇಳಲಿಕ್ಕೆ. ಅದು ನೀನು ಹೇಳಬೇಕಾದದ್ದು. ನೀನು ಹೇಳ್ತೀ ಅಂತ ನಾನು ಎರಡು ತಿಂಗಳು ಕಾದೆ. ಇವತ್ತು ಹಾಲಿನಲ್ಲಿಯೂ ಕಾದೆ. ಬಾಗಿಲಲ್ಲಿ ಅಷ್ಟು ಹೊತ್ತು ನಿಂತದ್ದು ಯಾಕೆ ಅಂತ ಎಣಿಸಿದ್ದೀ?”

ನನಗೆ ಅಳು ಬರಲಿಲ್ಲ. ಬಂದಿದ್ದರೆ ಅದನ್ನೂ ಬರೆಯುತ್ತಿದ್ದೆ. ಅವರು ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ. ನಲ್ಲಿ ನಿಲ್ಲಿಸಿ ಒಳಗೆ ಹೋಗಿ ಚಾ ಮಾಡಿಕೊಂಡು ಬಂದರು, ಬೇಡ ಎಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ. ಕುಡಿದೆ. ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಹೇಳಿ ಗೇಟಿನ ತನಕ ಬಂದರು.

ಮರುದಿನ ಬೆಳಿಗ್ಗೆ ಎಂಟೂ ಐವತ್ತಕ್ಕೆ ಆಡಳಿತಾಧಿಕಾರಿಯ ಕೋಣೆಗೆ ಹೋದೆ. ಕೈಯಲ್ಲಿ ಒಂದೇ ಹಾಳೆಯ ಪತ್ರ, ಅದರ ಒಂದು ಪ್ರತಿ. ಆರು ವಾಕ್ಯಗಳು. ಆ ದಿನ ಕೌಂಟರಿನಲ್ಲಿ ಇದ್ದವಳು ನಾನು. ರೋಗಿಯನ್ನು ಎಲುಬಿನ ವಿಭಾಗಕ್ಕೆ ಕಳುಹಿಸಿದವಳು ನಾನು. ಪಟ್ಟಿಯಲ್ಲಿನ ದೋಷವನ್ನು ಹಿರಿಯ ಶುಶ್ರೂಷಕಿಯವರು ಮೊದಲೇ ನನಗೆ ತಿಳಿಸಿದ್ದರು. ನಾನು ಅದನ್ನು ಸರಿಪಡಿಸಿದ್ದು ಘಟನೆ ನಡೆದ ಸಂಜೆ, ಅದರ ದಾಖಲೆ ಕಂಪ್ಯೂಟರಿನಲ್ಲಿದೆ. ರೋಗಿ ಉಳಿದದ್ದು ಅವರ ಹಸ್ತಕ್ಷೇಪದಿಂದ. ಅವರ ಕಡತದಲ್ಲಿರುವ ಎಚ್ಚರಿಕೆ ಪತ್ರವನ್ನು ಹಿಂತೆಗೆದು, ಎಚ್ಚರಿಕೆಯನ್ನು ನನ್ನ ಹೆಸರಿನಲ್ಲಿ ನನ್ನ ಕಡತಕ್ಕೆ ಹಾಕತಕ್ಕದ್ದು.

ಆಡಳಿತಾಧಿಕಾರಿ ಎರಡು ಸಲ ಓದಿದರು.

“ಇದು ಈಗ ಯಾಕೆ? ಅವರು ಹೋಗಿ ಆಯಿತಲ್ಲ.”

“ಅವರ ಕಡತ ಹೋಗಿಲ್ಲ ಸರ್.”

“ಇದರಿಂದ ಯಾರಿಗೆ ತೊಂದರೆ ಅಂತ ಗೊತ್ತುಂಟಲ್ಲ ನಿಮಗೆ?”

“ಗೊತ್ತುಂಟು.”

“ಸರಿ. ಇಲ್ಲಿ ಇಟ್ಟು ಹೋಗಿ. ನೋಡುವ.”

“ಪ್ರತಿಯ ಮೇಲೆ ಸ್ವೀಕರಿಸಿದ ಮೊಹರು ಬೇಕು ಸರ್.”

ಅವರು ನನ್ನನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು. “ಮೊಹರು ಗುಮಾಸ್ತರ ಹತ್ತಿರ ಉಂಟು. ಅವರು ಬರುವಾಗ ಹತ್ತಾಗ್ತದೆ.”

“ನಾನು ಇರುತ್ತೇನೆ.”

ಎದುರಿನ ಕುರ್ಚಿ ತೋರಿಸಿದರು. ಕುಳಿತುಕೊಳ್ಳಲಿಲ್ಲ. ಗುಮಾಸ್ತರು ಹತ್ತೂ ಹತ್ತಕ್ಕೆ ಬಂದರು. ಮೊಹರಿನಲ್ಲಿ ಹಿಂದಿನ ದಿನದ ತಾರೀಕು ಇತ್ತು. ಅದನ್ನು ತಿರುಗಿಸಿ ಸರಿ ಮಾಡಿಸಿ, ಒತ್ತಿಸಿಕೊಂಡೆ.